ತೊಟ್ಟಿಯಲ್ಲಿ ಅದ್ದಿದ ಕಾಲು

ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವಳನ್ನು ಎಲ್ಲರೂ ಸೋಪಕ್ಕ ಎಂದೇ ಕರೆಯುತ್ತಿದ್ದರು. ರಕ್ತ, ಕೀವು, ವಾಂತಿ, ಏನು ಮೆತ್ತಿದ ಹಾಸು ಬಂದರೂ ಮುಖ ಸಿಂಡರಿಸದೆ ಯಂತ್ರಕ್ಕೆ ತುಂಬುತ್ತಿದ್ದಳು. ನಿವೃತ್ತಿಯಾದ ಮೇಲೆ ನಾದಿನಿ, "ಅತ್ತಿಗೆ, ಒಂದ್ಸಲ ಯಾತ್ರೆಯ ದಾರಿ ನಡೆದು ಬರೋಣ, ಮನಸ್ಸೆಲ್ಲ ತೊಳೆದ ಹಾಗಾಗುತ್ತೆ" ಎಂದಳು. ತೊಳೆಯುವ ಮಾತಿಗೆ ಮರುಳಾಗಿ ಸೋಪಕ್ಕ ಹೊರಟೇಬಿಟ್ಟಳು.

ಒಂಬತ್ತನೆಯ ದಿನಕ್ಕೆ ಯಾತ್ರೆ ಎಂದರೆ ವಾಕರಿಕೆ ಬರುವಂತಾಗಿತ್ತು. ಬೆಳಿಗ್ಗೆ ಯಾತ್ರಿಕರ ತಂಗುಮನೆಯಲ್ಲಿ ನಲವತ್ತು ಜೋಡಿ ಒದ್ದೆ ಕಾಲುಚೀಲದ ನಾತಕ್ಕೇ ಎಚ್ಚರವಾಯಿತು. ಬ್ರೆಡ್ಡಿಟ್ಟ ಮೇಜಿನ ಮೇಲೆ ಯಾರೋ ಕಾಲು ಚಾಚಿ ಬೊಕ್ಕೆ ಒಡೆದುಕೊಳ್ಳುತ್ತಿದ್ದರು. ಕೈಯಲ್ಲಿದ್ದ ತುಂಡನ್ನು ಅಲ್ಲೇ ಬಿಟ್ಟು ಹಸಿದ ಹೊಟ್ಟೆಯಲ್ಲಿ ನಡೆದಳು. ದಾರಿಯ ಪೊದೆಗಳ ಹಿಂದೆಲ್ಲ ಜನ ಕೂತೆದ್ದ ಗುರುತು, ಒರೆಸಿ ಬಿಸಾಡಿದ ಕಾಗದ, ಗುಂಯ್‌ಗುಡುವ ನೊಣ.

"ಪುಣ್ಯ ಮಾತ್ರ ಮನೆಗೆ ಹೊತ್ಕೊಂಡು ಹೋಗ್ತಾರೆ, ಹೊಲಸು ಇಲ್ಲೇ ಬಿಡ್ತಾರೆ."

"ನೆಲ ನೋಡಬೇಡಿ ಅತ್ತಿಗೆ, ಬೆಟ್ಟ ನೋಡಿ."

"ಬೆಟ್ಟ ನೋಡ್ಕೊಂಡು ಯಾವುದರ ಮೇಲೆ ಕಾಲಿಡ್ಲಿ?"

"ಆಸ್ಪತ್ರೇಲಿ ಇದಕ್ಕಿಂತ ಹೊಲಸು ನೋಡಿಲ್ವಾ?"

"ಅಲ್ಲಿ ಮಲಗಿದ್ದೋರಿಗೆ ಏಳೋಕೆ ಆಗ್ತಿರಲಿಲ್ಲ ಕಣೇ. ಇವರಿಗೇನು ರೋಗ?"

ಏರು ಮುಗಿದಲ್ಲಿ ಒಂದು ಕಲ್ಲಿನ ತೊಟ್ಟಿ ಇತ್ತು. ಬುಗ್ಗೆಯ ನೀರು ಅದಕ್ಕೆ ಬಿದ್ದು ಕೊಳವೆಯಿಂದ ಹೊರಗೆ ಸುರಿಯುತ್ತಿತ್ತು. ಆ ದಾರಿಗೆಲ್ಲ ಕುಡಿಯುವ ನೀರು ಅದೊಂದೇ. ಕೊಳವೆಯ ಮುಂದೆ ಐದಾರು ಮಂದಿ ಬಾಟಲಿ ಹಿಡಿದು ನಿಂತಿದ್ದರು. ನಾದಿನಿ ಎರಡು ಗುಟುಕು ಕುಡಿದೂ ಆಗಿತ್ತು. ಆಗ ಸೋಪಕ್ಕನ ಕಣ್ಣಿಗೆ ಬಿದ್ದದ್ದು ತೊಟ್ಟಿಯ ಆಚೆ ಬದಿ. ಅದೇ ತಂಗುಮನೆಯಲ್ಲಿದ್ದ ಭಾರೀ ಮೈಯ ಮೇಷ್ಟರೊಬ್ಬರು ಎರಡೂ ಕಾಲನ್ನು ನೀರಿಗೆ ಇಳಿಬಿಟ್ಟು, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಪಾದದ ಗಾಯಕ್ಕೆ ಸುತ್ತಿದ್ದ ಪಟ್ಟಿ ಬಿಚ್ಚಿ ತೇಲುತ್ತಿತ್ತು.

"ರೀ ಸ್ವಾಮಿ, ಕಾಲು ತೆಗೀರಿ!"

"ಇದು ದೇವರ ನೀರು ತಾಯಿ. ಇದಕ್ಕೆ ಕೊಳೆ ಅಂಟಲ್ಲ."

"ಹಾಗಾದ್ರೆ ಮೊದಲು ನೀವು ಕುಡೀರಿ" ಎಂದು ಬಾಟಲಿ ತುಂಬಿ ಅವರ ಮೂಗಿನ ಮುಂದೆಯೇ ಹಿಡಿದಳು. ಮೇಷ್ಟರು ಮುಖ ತಿರುಗಿಸಿದರು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಬಾಟಲಿ ಬಗ್ಗಿಸಿ ನೀರು ಚೆಲ್ಲಿದರು. ನಾದಿನಿ ಪೊದೆಯ ಕಡೆಗೆ ಓಡಿದಳು.

ಗೊಣಗುತ್ತ ಮೇಷ್ಟರು ಕಾಲೆತ್ತಿದಾಗ ಸಿಹಿಯಾಗಿ ಕೊಳೆತ ವಾಸನೆಯೊಂದು ಬಡಿಯಿತು. ಆಸ್ಪತ್ರೆಯಲ್ಲಿ ಕಾಲು ಕೊಳೆತು ಕತ್ತರಿಸಬೇಕಾಗಿ ಬಂದವರ ಹಾಸಿನಿಂದ ಬರುತ್ತಿದ್ದ ವಾಸನೆ ಅದು.

"ಸಕ್ಕರೆ ಕಾಯಿಲೆ ಇದೆಯಾ?"

"ಇದೆ. ಆದ್ರೆ ನೋವೇ ಇಲ್ವಲ್ಲ."

"ಅದಕ್ಕೇ ಹೆದರಬೇಕು, ನರ ಸತ್ತು ಕಾಲು ಕೊಳೀತಿದೆ. ಇನ್ನು ಒಂದು ಹೆಜ್ಜೆ ಇಟ್ರೂ ಈ ಕಾಲು ಉಳಿಯಲ್ಲ."

ಆಂಬುಲೆನ್ಸಿಗೆ ಅವಳೇ ಫೋನು ಮಾಡಿದಳು. ಅದು ಬರುವ ತನಕ ತೊಟ್ಟಿಯ ನೀರೆಲ್ಲ ಹೊರಚೆಲ್ಲಿ, ಮರಳು ಹಾಕಿ ಉಜ್ಜಿದಳು. ಸ್ಟ್ರೆಚರಿನ ಮೇಲಿಂದ ಮೇಷ್ಟರು ಅವಳ ಕೈ ಹಿಡಿದು ಅತ್ತರು.

"ನಿಮ್ಮನ್ನ ದೇವರೇ ಕಳಿಸಿದ್ದು."

"ದೇವರಲ್ಲ, ನಿಮ್ಮ ಕಾಲಿನ ನಾತ" ಎಂದು ಕೈ ಬಿಡಿಸಿಕೊಂಡಳು.

ಎರಡು ಬೆರಳು ಹೋಗಿ ಪಾದ ಉಳಿಯಿತೆಂದು ಸಂಜೆಯೊಳಗೆ ಸುದ್ದಿ ಬಂತು. ತಂಗುಮನೆಯವರೆಲ್ಲ ಸುತ್ತುವರಿದು ಹೊಗಳಿದರು. ಸೋಪಕ್ಕ ಮೂರು ಸಲ ಕೈ ತೊಳೆದಳು, ಆದರೂ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮರುದಿನ ನಾದಿನಿಯೊಬ್ಬಳನ್ನೇ ಯಾತ್ರೆಯ ದಾರಿಗೆ ಕಳಿಸಿ, ತಾನು ಊರಿನ ಬಸ್ಸು ಹಿಡಿದಳು.