ಎದೆಯ ಮೇಲಿನ ಗುರುತು

ಟಕ್, ಟಕ್, ಟಕ್. ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುವ ಆ ಸದ್ದಿನಲ್ಲೇ ನಮ್ಮ ಅತ್ತೆಯ ಮನಸ್ಸಿನ ವೆದರ್ ರಿಪೋರ್ಟ್ ಸಿಗುತ್ತಿತ್ತು. ಖುಷಿಯಾದರೆ ನಿಧಾನ, ಕೋಪ ಬಂದರೆ ಜೋರು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮಾತಿಗೆ ಮಾತ್ರ ಹಲ್ಲಿತ್ತು.

ತಮಿಳುನಾಡಿನ ಪೆನ್ನಾಗರಂ ಪಕ್ಕದ ಆ ಹಟ್ಟಿಗೆ ನಾನು ಸೊಸೆಯಾಗಿ ಬಂದು ಎಷ್ಟೋ ವರ್ಷವಾದರೂ ನಮ್ಮಿಬ್ಬರ ನಡುವೆ "ಉಂಡ್ಯಾ?" "ಉಂಡೆ" ಬಿಟ್ಟು ಮಾತಿರಲಿಲ್ಲ. ಅವರದು ಕುರಿಗಳ ಲೋಕ. ನನ್ನದು ಸೇಲಂನ ಕಾನ್ವೆಂಟಿನ ನನ್‌ಗಳು ಕಲಿಸಿದ ಟೇಬಲ್ ಮ್ಯಾನರ್ಸು. ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ, ಬರೀ "ಕಾನ್ವೆಂಟು".

ತೊಂಬತ್ತರ ದಶಕ. ಶಂಕಗಿರಿಯ ಲಾರಿ ಓಡಿಸುತ್ತಿದ್ದ ನನ್ನ ಗಂಡ ಬೊಂಬಾಯಿಯ ಹಳೇ ಪುಸ್ತಕದ ಬೀದಿಯಿಂದ ದಪ್ಪ ರಟ್ಟಿನ ಕಾಮಿಕ್ಸ್ ಸಂಪುಟಗಳನ್ನು ತಂದರು. "ನಿನ್ ಇಂಗ್ಲೀಷು ತುಕ್ಕು ಇಡೀತೈತೆ, ಓದ್ಕೋ." ಐದು ಜನ ಟೀನೇಜ್ ಸೂಪರ್‌ಹೀರೋಗಳ ಕಥೆ. ಕೊನೆಯ ಸಂಪುಟ ಮಾತ್ರ ಇರಲಿಲ್ಲ. ಸಿಲ್ಲಿ ಅಂದುಕೊಂಡೇ ಶುರು ಮಾಡಿದೆ, ಒಲೆಯ ಮೇಲಿನ ಸಾರು ಸೀದುಹೋಯಿತು.

ಬೈಯಲು ಬಂದ ಅತ್ತೆ ಪುಟಕ್ಕೆ ಬಗ್ಗಿದರು. "ಈ ಉಡ್ಗಿ ಕೈಯಾಗೆ ಬೆಂಕಿ ಇಟ್ಕೊಂಡು ಏನ್ ಮಾಡ್ತಾಳೆ?"

"ಕಳ್ಳರನ್ನ ಓಡಿಸ್ತಾಳೆ ಅತ್ತೆ."

"ಒಲೆ ಅಚ್ಚಕ್ಕೂ ಆಯ್ತದೆ. ಸಾರು ಓಗ್ಲಿ, ಸೀಕ್ರಂ, ಬಿರ್ನೆ ಓದು."

ಅಂದಿನಿಂದ ದಿನಾ ಮಧ್ಯಾಹ್ನ ನಾನು ಕನ್ನಡದಲ್ಲಿ ಹೇಳುವುದು, ಅವರು ಕುಟ್ಟುತ್ತಾ ಕೇಳುವುದು. "ಇವ್ರಿಗೆ ಅಪ್ಪ ಅವ್ವ ಇಲ್ವಾ? ಊಟ ಯಾವಾಗ ಉಣ್ತಾರೆ?" ಐವರ ಎದೆಯ ಮೇಲೂ ಒಂದೇ ಹಳದಿ ವೃತ್ತ. ನಮ್ಮ ಕುರಿಗಳಿಗೆಲ್ಲ ಒಂದೇ ಕಿವಿಗುರುತು ಇದ್ದ ಹಾಗೆ. ಅತ್ತೆ ತೀರ್ಪು ಕೊಟ್ಟರು: "ಗುರುತು ಒಂದೇ ಅಂದ್ರೆ ಕುಲ ಒಂದೇ. ಎಲ್ಲಾ ಅಣ್ಣ ತಂಗೀರು."

ಮೂರನೆಯ ಸಂಪುಟದಲ್ಲಿ ಬೆಂಕಿ ಹುಡುಗಿಗೂ ಗೋಡೆಯೊಳಗೆ ತೂರಿ ಹೋಗುವ ಹುಡುಗನಿಗೂ ಕಿಸ್. ಫುಲ್ ಪೇಜ್. ನಾನು ಬೇಗ ಹಾಳೆ ತಿರುಗಿಸಿದರೆ ಅತ್ತೆಯ ಹೆಬ್ಬೆರಳು ಅಡ್ಡ ಬಂತು. ಕುಟ್ಟಾಣಿ ನಿಂತಿತು.

"ಅಯ್ಯೋ ಕಡವುಳೇ! ಒಂದೇ ಕುಲದಾಗೆ! ಮುಚ್ಚಲೇ ಪುಸ್ತಕನ!"

"ಅತ್ತೆ, ಅದು ಬರೀ ಯೂನಿಫಾರಂ. ಕಾನ್ವೆಂಟಲ್ಲಿ ನಾವೂ ಎಲ್ಲಾ ಒಂದೇ ಥರ ಹಾಕ್ತಿದ್ವಿ."

"ಅದ್ಕೇ ಅಲ್ಲಿ ಗಂಡುಡುಗ್ರನ್ನ ಸೇರಿಸ್ಲಿಲ್ಲ!"

ಮತ್ತೆ "ಉಂಡ್ಯಾ?" "ಉಂಡೆ". ಮಧ್ಯಾಹ್ನಗಳು ಉದ್ದವಾದವು. ಒಬ್ಬಳೇ ಓದಲು ಕೂತರೆ ಹೀರೋಗಳೂ ಮಂಕಾಗಿ ಕಂಡರು. ಆ ಮನೆಯಲ್ಲಿ ನನಗೆ ಸಿಕ್ಕಿದ್ದ ಒಬ್ಬಳೇ ಫ್ರೆಂಡನ್ನು ಒಂದು ಮುತ್ತು ಕಿತ್ತುಕೊಂಡಿತ್ತು.

ಒಂದು ದಿನ ಬಾವಿಯಿಂದ ನೀರು ತರುವಾಗ ಒಳಗೆ ಟಕ್ ಟಕ್ ಕೇಳಿಸಿತು. ನಿಧಾನವಾಗಿ. ಅತ್ತೆಯ ಮಡಿಲಲ್ಲಿ ಮೊದಲನೆಯ ಸಂಪುಟ.

"ಲೇ ಕಾನ್ವೆಂಟು, ಇಲ್ನೋಡು! ಮೊದ್ಲು ಈ ಗ್ವಾಡೆ ತೂರೋನು ಅಸಿರು ಅಂಗೀಲಿ ಅವ್ನೆ, ಗುರುತೇ ಇಲ್ಲ. ಬೇರೆ ಅಟ್ಟಿಯವ್ನು! ಮನೆ ಅಳಿಯ!"

"ಹಾಗಾದ್ರೆ ತಪ್ಪಿಲ್ವಾ ಅತ್ತೆ?"

"ಸಂತೇಲಿ ತಂದ ಕುರಿಗೂ ನಮ್ ಗುರುತು ಆಕಲ್ವಾ?" ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನೂ ಅಂಗೇ ಬಂದೋಳು. ಈಗ ನಮ್ಮೋಳು. ಕೂತ್ಕೋ, ಓದು."

ಕುರಿಗೆ ಹೋಲಿಸಿದ್ದಕ್ಕೆ ಅಷ್ಟು ಸಂತೋಷಪಟ್ಟ ಕಾನ್ವೆಂಟ್ ಹುಡುಗಿ ಇನ್ನೊಬ್ಬಳು ಇರಲಾರಳು.

ಬೆಂಕಿ ಹುಡುಗಿಗೂ ಆ ಹುಡುಗನಿಗೂ ಮದುವೆ ಆಯಿತೋ ಇಲ್ಲವೋ ಎಂಬುದೇ ಅತ್ತೆಯ ಚಿಂತೆಯಾಯಿತು. ಕೊನೆಯ ಸಂಪುಟ ನನ್ನ ಗಂಡನಿಗೆ ಬೊಂಬಾಯಿಯಲ್ಲಿ ಸಿಕ್ಕಿತು, ಅತ್ತೆ ಪಾಲಮಲೆಯ ಮಗಳ ಮನೆಯಲ್ಲಿ ತೀರಿಕೊಂಡ ಮೇಲೆ. ನಾನಿನ್ನೂ ಅದನ್ನು ಬಿಚ್ಚಿಲ್ಲ.

ಅತ್ತೆ ಪಾಲಮಲೆಗೆ ಹೊರಟ ದಿನ ಬಸ್ಸು ಹತ್ತಿಸಿದ್ದು ನಾನೇ. ಬಸ್ಸು ಅಲುಗಾಡುತ್ತಲೇ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು:

"ಲೇ ಕಾನ್ವೆಂಟು! ಆ ಬೆಂಕಿ ಉಡ್ಗಿ ಮದ್ವೆ ನಾನಿಲ್ದೆ ಮಾಡಿದ್ರೆ ನೋಡು ಮತ್ತೆ!"

ಬಸ್ಸಿನವರೆಲ್ಲ ನನ್ನ ಕಡೆ ತಿರುಗಿದರು. "ಇಲ್ಲ ಅತ್ತೆ, ಕಾಯ್ತೀವಿ," ಎಂದೆ.