ಎಡಗಡೆಯ ಜೇನ್ನೊಣ

ಅತ್ತಿಗುಪ್ಪೆಯ ವಿಡಿಯೋ ಗೇಮ್ ಅಂಗಡಿ ಮುಚ್ಚಿದಾಗ ನಾನು ಹೋದದ್ದು ಅವರ ಹಳೇ ಟಿವಿಗೆ. ಆಟದ ಪೆಟ್ಟಿಗೆ ಜೊತೆಗೇ ಗಂಟುಬಿತ್ತು. "ತಗೊಂಡ್ಹೋಗಿ ಆಂಟಿ, ಒಳಗೆ ಒಂದು ಸೀಡೀನೂ ಇದೆ" ಎಂದ ಅಂಗಡಿಯವನು. ಅದು ಎರಡು ಸಾವಿರದ ಆರನೇ ಇಸವಿ. ನಲವತ್ತಾರರ ಹೆಂಗಸು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ವಿಡಿಯೋ ಗೇಮ್ ಆಡುತ್ತಾಳೆ ಎಂದು ನಗುವವರು ನಗಲಿ, ನನಗೇನು.

ಆಟದಲ್ಲಿ ಕಿತ್ತಳೆ ಬಣ್ಣದ ಒಂದು ಬಾತುಮರಿ. ಅದನ್ನು ಗಾಳಿಯಲ್ಲಿ ತೇಲುವ ಗುಡ್ಡದಿಂದ ಗುಡ್ಡಕ್ಕೆ ಹಾರಿಸಿ, ಜೇನ್ನೊಣಗಳಿಂದ ತಪ್ಪಿಸಿ, ಕೊನೆಯ ಕಮಾನು ದಾಟಿಸಬೇಕು. ಅಬ್ಬಬ್ಬಾ, ಆ ಬಣ್ಣಗಳು! ಗುಲಾಬಿ ಆಕಾಶ, ಗಿಳಿಹಸಿರು ಹುಲ್ಲು, ನೇರಳೆ ಬಂಡೆ. ನಮ್ಮ ಎರಡು ರೂಮಿನ ಮನೆಯೊಳಗೆ ಅಷ್ಟು ಬಣ್ಣ ಒಟ್ಟಿಗೆ ಯಾವತ್ತೂ ಬಂದಿರಲಿಲ್ಲ. ಮರಿ ತಿರುಗಿದರೆ ಗುಡ್ಡ, ಆಕಾಶ ಎಲ್ಲವೂ ತಿರುಗುತ್ತಿದ್ದವು. ಮೊದಲ ದಿನ ತಲೆಸುತ್ತು ಬಂದು ಉಪ್ಪಿನಕಾಯಿ ನೆಕ್ಕಿಕೊಂಡು ಕೂತೆ. ಮರಿ ಹಾರಿದರೆ ನಾನೂ ಚಾಪೆಯ ಮೇಲೆ ವಾಲುತ್ತಿದ್ದೆ. ತಿಂಗಳೊಳಗೆ ಮೊದಲ ಕಮಾನು ದಾಟಿಬಿಟ್ಟೆ.

ನಮ್ಮ ಯಜಮಾನರು ಕೆಂಪಯ್ಯ, ಸ್ಕೂಲ್ ವ್ಯಾನ್ ಓಡಿಸುವವರು. ದೀಪಾಂಜಲಿ ನಗರದಿಂದ ವಿಜಯನಗರದವರೆಗೆ ಹದಿನಾಲ್ಕು ಮಕ್ಕಳು ಅವರ ಓಮ್ನಿಯಲ್ಲಿ. ಬೇರೆಯವರ ಹಾಗೆ ಗೇಟಿನ ಮುಂದೆ ಹಾರ್ನ್ ಹೊಡೆದು ಬೀದಿ ಎಬ್ಬಿಸುವವರಲ್ಲ. ಇಳಿದು ಹೋಗಿ, ಹೆಸರು ಹಿಡಿದು ಕರೆದು, ಶೂ ಲೇಸ್ ಬಿಚ್ಚಿದ್ದರೆ ಬಗ್ಗಿ ಕಟ್ಟಿ ಹತ್ತಿಸಿಕೊಳ್ಳುವರು. ಹನ್ನೆರಡು ವರ್ಷದಲ್ಲಿ ಒಂದು ಮಗುವಿಗೂ ತರಚು ಗಾಯವಾಗಿಲ್ಲ ಎನ್ನುವಾಗ ಅವರ ಮೀಸೆ ನೋಡಬೇಕು. ನನ್ನ ಸಾರಿಗೆ ಉಪ್ಪು ಕಡಿಮೆ ಎನ್ನುವಾಗಲೂ ಅದೇ ಮೀಸೆ, ಅದು ಬೇರೆ ವಿಚಾರ.

ಗೌರಿ ಹಬ್ಬ ಕಳೆದ ಮೇಲೆ ಅವರೂ ಭಾನುವಾರ ಮಧ್ಯಾಹ್ನ ರಿಮೋಟ್ ಹಿಡಿಯತೊಡಗಿದರು. ನನಗೆ ಖುಷಿಯೋ ಖುಷಿ. ಆದರೆ ಅವರ ಬಾತುಮರಿ ಮೂರನೇ ಗುಡ್ಡ ದಾಟುತ್ತಿರಲಿಲ್ಲ. ಎಡಗಡೆಯಿಂದ ಜೇನ್ನೊಣ ಬಂದು ಕೆಡವುತ್ತಿತ್ತು.

"ರೀ, ಎಡಗಡೆ! ಎಡಗಡೆ ನೋಡ್ರೀ!"

"ಎಲ್ಲಿತ್ತೇ ಅದು? ಸುಮ್ನೆ ಕಿರುಚ್ಬೇಡ."

"ಹದಿನಾಲ್ಕು ಮಕ್ಕಳ ಸಾಕೋ ಗಂಡಸಿಗೆ ಒಂದು ಬಾತುಮರಿ ಸಾಕಕ್ಕಾಗಲ್ವಾ?" ಎಂದು ರೇಗಿಸಿದೆ.

ಅವರು ನಗಲಿಲ್ಲ. ಮತ್ತೆ ಶುರು ಮಾಡಿದರು, ಮತ್ತೆ ಬಿದ್ದರು. ವಾರ ವಾರವೂ ಇದೇ. ದೀಪಾವಳಿ ಮುಗಿದ ಮೊದಲ ಭಾನುವಾರ ಪಕ್ಕದಲ್ಲಿ ನಿಂತು ಕಾಫಿ ಲೋಟ ಹಿಡಿದೆ. ತೆಗೆದುಕೊಳ್ಳಲೇ ಇಲ್ಲ. ನಾನು ನಿಂತದ್ದು ಅವರ ಎಡಕ್ಕೆ. ಅಲ್ಲೇ ಬೆರಳು ಆಡಿಸಿದೆ. ಅವರ ಕಣ್ಣು ಟಿವಿ ಬಿಟ್ಟು ಕದಲಲಿಲ್ಲ. ಬಲಕ್ಕೆ ಬಂದು ಆಡಿಸಿದೆ. "ಏನೇ ಅದು ಕೋತಿ ಆಟ?" ಎಂದರು.

ಓಮ್ನಿಯಲ್ಲಿ ಮಕ್ಕಳಿಗೆ ತೆರೆಯುವ ಬಾಗಿಲು ಎಡಕ್ಕೆ. ಮಕ್ಕಳು ಹತ್ತುವುದು, ಇಳಿಯುವುದು, ಬಿದ್ದ ನೀರಿನ ಬಾಟಲಿ ಎತ್ತಿಕೊಳ್ಳಲು ಓಡುವುದು, ಎಲ್ಲವೂ ಎಡಕ್ಕೇ.

"ರೀ, ನಾಳೆ ಗಾಡಿ ತೆಗೀಬೇಡಿ. ಕಣ್ಣಾಸ್ಪತ್ರೆಗೆ ಹೋಗೋಣ."

"ಡಿಸೆಂಬರ್ ರಜಾದಲ್ಲಿ ನೋಡ್ಕೊಳ್ಳೋಣ."

"ಅಷ್ಟರಲ್ಲಿ ಏನಾದ್ರೂ ಆದ್ರೆ?"

"ಬಿಡ್ತು ಅನ್ನು! ಹನ್ನೆರಡು ವರ್ಷದಲ್ಲಿ ಆಗದೇ ಇದ್ದಿದ್ದು ಈಗ ಆಗುತ್ತಾ? ನಿನ್ನ ಬಾಯಲ್ಲಿ ಒಳ್ಳೇದೇ ಬರಲ್ವಾ?"

ನಾನೂ ಬಿಡುವವಳಲ್ಲ. ಕೂಗಾಡಿದೆ, ಕಣ್ಣೀರು ಹಾಕಿದೆ, ಗಾಡಿಯ ಬೀಗದ ಕೈ ಬಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಅವರ ಹತ್ತಿರ ಇನ್ನೊಂದಿತ್ತು. ಕೂದಲನ್ನೂ ಬಾಚದೆ ಓಡಿಹೋಗಿ ಮುಂದಿನ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ಎಡಕ್ಕೆ ಕಣ್ಣಿಟ್ಟು, ಸೀಟಿನ ಅಂಚು ಬಿಗಿಯಾಗಿ ಹಿಡಿದಿದ್ದೆ.

ಮೊದಲ ಮನೆ ಕೋಕಿಲಾ ಅವರದು. ಯೂಕೇಜಿ ಓದುವ ಮಗಳನ್ನು ಕೈಹಿಡಿದು ತಂದರು. "ಏನ್ ಆಂಟಿ, ಇವತ್ತು ನೀವೂ ಸ್ಕೂಲಿಗಾ?" ಎಂದು ನಕ್ಕರು. ಮಗು ಆಗಲೇ ಬಾಗಿಲಿಗೆ ಕೈ ಹಾಕಿತ್ತು.

"ಹತ್ತಿಸ್ಬೇಡಿ ಕೋಕಿಲಾ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಜೋರಾಗಿ ಹೇಳಿದೆ. "ಹತ್ತಿಸ್ಬೇಡಿ. ಇವರಿಗೆ ಎಡಗಡೆ ಕಣ್ಣು ಕಾಣಲ್ಲ."

ಕೋಕಿಲಾ ಮಗುವನ್ನು ಹಿಂದಕ್ಕೆ ಎಳೆದುಕೊಂಡರು. ನನ್ನನ್ನಲ್ಲ, ಅವರನ್ನು ನೋಡಿದರು. "ಹೌದಾ ಅಂಕಲ್?" ಎಂದರು. ನಮ್ಮ ಯಜಮಾನರು ಇಂಜಿನ್ ಆಫ್ ಮಾಡಿ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟುಕೊಂಡು ಕೂತುಬಿಟ್ಟರು. ಅವರ ಮಾನವನ್ನು ನಡುಬೀದಿಯಲ್ಲಿ ನಾನೇ ಕಳೆದೆನಲ್ಲ ಎಂದು ನನಗೆ ಸಂಕಟವಾಯಿತು.

ಮಿಕ್ಕ ಮನೆಗಳಿಗೆ ಕೋಕಿಲಾ ಅವರೇ ಫೋನ್ ಮಾಡಿದರು. ಗಾಡಿಯನ್ನು ಅಲ್ಲೇ ಬಿಟ್ಟು ನಾವಿಬ್ಬರೂ ನಡೆದು ಬಂದೆವು. ಅವರ ಎಡಕ್ಕೆ ನಾನು ನಡೆದೆ.

ಮನೆಗೆ ಬಂದು ಆಸ್ಪತ್ರೆಗೆ ಹೊರಡಿಸಿದರೆ, "ತೋರಿಸಿದೀನಿ" ಎಂದರು. "ಗೌರಿ ಹಬ್ಬಕ್ಕೆ ಮುಂಚೇನೇ. ಕಣ್ಣೊಳಗೆ ಒತ್ತಡವಂತೆ. ಹೋಗಿರೋ ದೃಷ್ಟಿ ವಾಪಸ್ ಬರಲ್ವಂತೆ. ಗಾಡಿ ಮುಟ್ಟಬೇಡಿ ಅಂದಿದ್ರು ಡಾಕ್ಟರು."

ನನಗೆ ಮೈಯೆಲ್ಲ ಉರಿದುಹೋಯಿತು. "ಗೊತ್ತಿದ್ದೂ ಮಕ್ಕಳನ್ನ ಕೂರಿಸ್ಕೊಂಡ್ರಾ? ಗೊತ್ತಿದ್ದೂ ಇಲ್ಲಿ ಕೂತು ಆಟ ಆಡ್ತಿದ್ರಾ?"

"ಆಟ ಆಡ್ತಿರ್ಲಿಲ್ಲ ಕಣೇ," ಎಂದರು. "ಎಡಕ್ಕೆ ಕತ್ತು ತಿರುಗಿಸೋದು ಅಭ್ಯಾಸ ಮಾಡ್ಕೊಳ್ತಿದ್ದೆ. ಒಂದು ಸಲ ಆ ನೊಣ ತಪ್ಪಿಸ್ಕೊಂಡು ದಾಟಿದ್ರೆ, ಗಾಡೀನೂ ಓಡಿಸ್ಬಹುದು ಅಂತ ನನಗೆ ನಾನೇ ಹೇಳ್ಕೊಂಡಿದ್ದೆ."

"ದಾಟಿದ್ರಾ?"

"ಒಂದು ಸಲಾನೂ ಇಲ್ಲ."

"ಮತ್ತೆ ಪ್ರತಿ ಸೋಮವಾರ ಹೋಗ್ತಿದ್ರಲ್ಲ?"

ಅವರು ಜೇಬಿನಿಂದ ಗಾಡಿಯ ಆ ಇನ್ನೊಂದು ಬೀಗದ ಕೈ ತೆಗೆದು ನನ್ನ ಕೈಗಿಟ್ಟರು.