ಹತ್ತಿಹೂವಿನ ಸಾಲಿನಲ್ಲಿ ಚಪ್ಪಲಿ ಹಾಡು

ಆ ದಿನ ಎಮ್ಮೆ ಹಿಂಡಿದೆ, ಮೊಸರು ಕಡೆದೆ, ಮೂವತ್ತು ರೊಟ್ಟಿ ಬಡಿದೆ, ಮೈದುನನ ಕರಿ ಅಂಗಿಗೆ ಗುಂಡಿ ಹಚ್ಚಿ ಇಸ್ತ್ರಿ ಮಾಡಿದೆ, ಹೊಲಕ್ಕೆ ಬುತ್ತಿ ಕಟ್ಟಿದೆ. ಕರಿ ಅಂಗಿ ಯಾಕೆಂದರೆ, ಮಧ್ಯಾಹ್ನ ಮೂರಕ್ಕೆ ಹಾವೇರಿಯಲ್ಲಿ ಅವನ ಬ್ಯಾಂಡಿನ ಮೊದಲ ಕಾರ್ಯಕ್ರಮ. ಎರಡು ಸಾವಿರದ ಐದೋ ಆರೋ ಇರಬೇಕು.

ಬ್ಯಾಂಡೆಂದರೆ ಮೂವರು. ಹಾಡುವವನು ಮೈದುನ, ಗಿಟಾರಿನವನು ರಾಣೆಬೆನ್ನೂರಿನವನು, ಡ್ರಮ್ಮಿನವನು ಬ್ಯಾಡಗಿಯವನು. ಕರೆಂಟು ಇದ್ದಾಗಲೆಲ್ಲ ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾರಿಸುತ್ತಿದ್ದರು. ಹಾಡು ತಾವೇ ಬರೆದದ್ದಂತೆ. ಕೆಳಗೆ ಅಡುಗೆಮನೆಯಲ್ಲಿ ನನಗೆ ಕೇಳುತ್ತಿದ್ದದ್ದು ಮಿಕ್ಸರಿಗೆ ಚಮಚ ಬಿದ್ದಂಥ ಸದ್ದು. ಒಂದು ಮಾತೂ ತಿಳಿಯುತ್ತಿರಲಿಲ್ಲ. ಚಹಾ ಕೊಟ್ಟು ಬರುತ್ತಿದ್ದೆ.

ತೊಂದರೆ ಇದ್ದದ್ದು ಹೊಲದಲ್ಲಿ. ನಮ್ಮದು ಬೀಜಕ್ಕೆಂದೇ ಬೆಳೆಯುವ ಹತ್ತಿ. ಹಿಂದಿನ ಸಂಜೆ ಮೊಗ್ಗಿನೊಳಗಿನ ಕೇಸರ ಬಿಡಿಸಿ, ಮೇಲೆ ಕೆಂಪು ಕಾಗದದ ಟೋಪಿ ಹಾಕಿರುತ್ತೇವೆ. ಮರುದಿನ ಮುಂಜಾನೆ ಟೋಪಿ ತೆಗೆದು, ಬೇರೆ ಗಿಡದ ಗಂಡುಹೂವನ್ನು ಒಂದೊಂದಕ್ಕೂ ಮುಟ್ಟಿಸಬೇಕು. ಬಿಸಿಲೇರಿದರೆ ಆ ದಿನದ ಹೂವು ಹೋದಂತೆಯೇ. ಅಂದೇ ಕೆಲಸದ ಹೆಣ್ಣುಮಕ್ಕಳಲ್ಲಿ ನಾಲ್ವರು ಕೂಸಿನ ಕೂದಲು ತೆಗೆಸುವ ಜವಳಕ್ಕೆಂದು ಕದರಮಂಡಲಗಿಗೆ ಹೋಗಿದ್ದರು.

"ಹೂವು ಮುಗದ್ರ ಹೋಗು," ಎಂದರು ನಮ್ಮ ಯಜಮಾನರು. "ಇಲ್ಲಾಂದ್ರ ಹಾವೇರಿ ಎಲ್ಲೂ ಓಡಿ ಹೋಗಂಗಿಲ್ಲ."

"ಹಾವೇರಿ ಓಡಂಗಿಲ್ಲ ಅಣ್ಣಾ, ಬಂದ ಮಂದಿ ಓಡತಾರ," ಎಂದ ಮೈದುನನ ಮುಖ ಸಣ್ಣದಾಗಿತ್ತು.

ಮೊದಲ ಬಸ್ಸಿಗೆ ಬಂದಿಳಿದ ಗೆಳೆಯರಿಬ್ಬರೂ ಪ್ಯಾಂಟು ಮಡಚಿ ಸಾಲಿಗಿಳಿದರು. ಕೆಲಸದವರಲ್ಲಿ ಹಿರಿಯಳಾದ ಅಕ್ಕ ಅವರ ಬೆರಳು ನೋಡಿ, "ಡಬ್ಬಾ ಬಡಿಯೋ ಕೈ ಇವು. ಹೂವಿಗೂ ಹಂಗ ಬಡದೀರಿ ಮತ್ತ!" ಎಂದಳು.

ಕೈ ಓಡಲೆಂದು ಮೈದುನನೂ ಅವರೂ ಒಂದಾದ ಮೇಲೊಂದು ಹಾಡತೊಡಗಿದರು. ಕರೆಂಟಿಲ್ಲ, ಸ್ಪೀಕರಿಲ್ಲ, ಬರೀ ಮೂರು ಗಂಟಲು. ಮೊದಲ ಸಲ ಮಾತು ಕೇಳಿಸಿತು.

"ಗುತ್ತಲ ಬಸ್ಸ, ಜರಾ ನಿಲ್ಲ,
ಒಂದ ಕಾಲಿನ ಚಪ್ಪಲಿ ಬಂದಿಲ್ಲ..."

ನನ್ನ ಕೈಯಲ್ಲಿದ್ದ ಹೂವು ಹಾಗೇ ನಿಂತಿತು. ತವರಿಗೆ ಹೊರಟು, ಗುತ್ತಲದ ಬಸ್ಸಿನ ಹಿಂದೆ ಓಡಿ, ಎಡಗಾಲಿನ ಚಪ್ಪಲಿ ರಸ್ತೆಯಲ್ಲೇ ಬಿಟ್ಟು ಹತ್ತಿದವಳು ನಾನು! ಯಾವಾಗಲೋ ನಗುತ್ತ ಅವನಿಗೆ ಹೇಳಿದ್ದೆ.

"ಅದು ನನ್ನ ಚಪ್ಪಲಿ ಅಲ್ಲೇನೋ?"

"ಮತ್ತ ಯಾರದು ವೈನಿ? ನಾ ಏನ್ ಚಪ್ಪಲಿ ಅಂಗಡಿ ಇಟ್ಟೇನೇನು?"

ಅಷ್ಟರಲ್ಲಿ ಅಕ್ಕ ಕೂಗಿದಳು. ಬೇಗ ಮುಗಿಯಲೆಂದು ಡ್ರಮ್ಮಿನವನು ಮುಂದೆ ಮುಂದೆ ಹೋಗಿ ಟೋಪಿಗಳನ್ನೆಲ್ಲ ಮೊದಲೇ ಕಿತ್ತಿದ್ದ. ಮುಟ್ಟಿಸಿದ ಹೂವು ಯಾವುದು, ಬಿಟ್ಟದ್ದು ಯಾವುದು ಗೊತ್ತಾಗುವಂತಿರಲಿಲ್ಲ. ಬಿಸಿಲು ಏರುತ್ತಿತ್ತು. ಯಜಮಾನರು ಟೊಂಕಕ್ಕೆ ಕೈಯಿಟ್ಟು ನಿಂತರು.

"ಯಾವ ಹಾಡಿಗೆ ಟೋಪಿ ಕೀಳಾಕ ಹತ್ತಿದಿ?" ಅಕ್ಕನ ಪ್ರಶ್ನೆ.

"ಚಪ್ಪಲಿ ಹಾಡಿಗೆ, ಅಕ್ಕಾರ."

"ಹಂಗಾದ್ರ ಬೇವಿನ ಗಿಡದಿಂದ ಈಚೆ ನಾಕ ಸಾಲು. ಆ ಹಾಡು ಸುರು ಆದಾಗ ನಾವು ಅಲ್ಲೇ ಇದ್ವಿ. ತಿರಗಿ ಮುಟ್ಟಸೂಣು. ಹಾಡ್ರಿ, ಲಗೂ ಲಗೂ ಹಾಡ್ರಿ!"

ಈ ಸಲ ಹೆಣ್ಣುಮಕ್ಕಳೆಲ್ಲ ದನಿಗೂಡಿಸಿದರು. "ಬಂದಿಲ್ಲ" ಅನ್ನುವಲ್ಲಿ ಎಲ್ಲರ ಬೆರಳೂ ಹೂವಿಗೆ ತಾಕುತ್ತಿದ್ದವು. ನಾಲ್ಕು ಸಾಲು ಮುಗಿದಾಗ ಇಬ್ಬನಿ ಆರಿತ್ತು, ಹೂವು ಬಾಡಿರಲಿಲ್ಲ. ಆ ಕಡೆ ಬದುವಿನಲ್ಲಿ ಯಾರೋ ಗುನುಗುವುದು ಕೇಳಿ ತಿರುಗಿದರೆ ನಮ್ಮ ಯಜಮಾನರು! ನಾನು ನೋಡಿದ್ದು ಕಂಡು ಕೆಮ್ಮಿದರು.

"ಅವನ ಜೋಡಿ ನೀನೂ ಹೋಗು. ನಿನ್ನ ಹಾಡು ಅಲ್ಲಾ? ಸಂಜಿ ಮೊಗ್ಗು ನಾವು ನೋಡ್ಕೋತೇವಿ."

ಗುತ್ತಲದಿಂದ ಹಾವೇರಿಗೆ ಹೋಗುವ ಬಸ್ಸಿಗೆ ಎರಡೂ ಚಪ್ಪಲಿ ನೋಡಿಕೊಂಡೇ ಹತ್ತಿದೆ.

ಸಭಾಭವನ ಅರ್ಧ ತುಂಬಿತ್ತು. ಸ್ಪೀಕರಿನಲ್ಲಿ ಮತ್ತೆ ಅದೇ ಚಮಚದ ಸದ್ದು. ಆದರೆ ಈಗ ಅದರೊಳಗಿನ ಮಾತೆಲ್ಲ ನನಗೆ ತಿಳಿಯುತ್ತಿತ್ತು. ಮೈದುನನ ಬೆರಳ ತುದಿಯಲ್ಲಿ ಹಳದಿ ಪರಾಗ ಇನ್ನೂ ಹೋಗಿರಲಿಲ್ಲ. ಚಪ್ಪಲಿ ಹಾಡಿಗೆ ಮಂದಿ ಎದ್ದು ಚಪ್ಪಾಳೆ ತಟ್ಟಿ, "ಮತ್ತೊಮ್ಮೆ" ಎಂದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ.

ಸಂಜೆ ಮನೆಗೆ ಬಂದು ಮುಂಜಾನೆಯ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಉಂಡೆವು. ಮೈದುನನಿಗೆ ಯಜಮಾನರೇ ಎರಡು ಸಲ ಪಲ್ಯ ಬಡಿಸಿದರು. ಮೊದಲು ಮಲಗಿದವನೂ ಅವನೇ, ಕರಿ ಅಂಗಿ ಸಹ ಬಿಚ್ಚದೆ.